ಬಯಲುಸೀಮೆಯ ಹಿತ್ತಲು: ಗೆಳೆಯನಿಗೊಂದು ಪತ್ರ

ಚಳ್ಳಕೆರೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ತೀರ್ಥಹಳ್ಳಿಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ನಿನಗೆ, ರಾಯಚೂರಿನ ಬಾಡಿಗೆ ಮನೆಯ ಹಿತ್ತಲಿನಲ್ಲಿ ನೆಟ್ಟ ಬದನೆ ಸಸಿಗಳೆಲ್ಲ ಒಂದೇ ವಾರದಲ್ಲಿ ಸೊರಗಿ ಹೋದದ್ದು ಎಷ್ಟು ಸಂಕಟ ತಂದಿರಬಹುದು ಎಂದು ಊಹಿಸಬಲ್ಲೆ. ದಿನಕ್ಕೆರಡು ಹೊತ್ತು ನೀರು ಹಾಕಿದರೂ ಗಿಡ ಉಳಿಯಲಿಲ್ಲವೆಂದು ಬರೆದಿದ್ದೀಯ. ನೀನು ಹಾಕಿದ ನೀರು ಕಡಿಮೆಯಾಯಿತೆಂದು ನನಗೆ ಅನ್ನಿಸುವುದಿಲ್ಲ; ಹಾಕಿದ ನೀರು ಬೇರಿನ ಬಳಿ ನಿಲ್ಲಲಿಲ್ಲ, ಅಷ್ಟೆ.

ನಿಮ್ಮ ಕಡೆ ಮಳೆಗಾಲದಲ್ಲಿ ಬೇರು ಕೊಳೆಯಬಾರದೆಂದು ಮಣ್ಣು ಏರಿಸಿ ಮಡಿ ಮಾಡುತ್ತಾರೆ. ನೀನು ಇಲ್ಲಿಯೂ ಅದೇ ಏರುಮಡಿಯನ್ನು ಮಾಡಿದ್ದೀಯ. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಅಂಥ ಮಡಿಗೆ ನಾಲ್ಕೂ ಬದಿಯಿಂದ ಬಿಸಿಗಾಳಿ ಬಡಿದು, ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನದ ಹೊತ್ತಿಗೆ ಆರಿಹೋಗಿರುತ್ತದೆ. ಇಲ್ಲಿ ಮಡಿ ನೆಲಕ್ಕಿಂತ ತಗ್ಗಿನಲ್ಲಿರಬೇಕು. ವಿಜಯಪುರದ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಮೊದಲು ರೈತರು ಚೌಕು ಮಡಿ ಕಟ್ಟಿ, ಬಿದ್ದ ಮಳೆ ಬಿದ್ದಲ್ಲಿಯೇ ಇಂಗುವಂತೆ ಮಾಡುವುದನ್ನು ನೀನು ಪ್ರಯಾಣದಲ್ಲಿ ನೋಡಿರಬಹುದು. ಹಿತ್ತಲಿಗೂ ಅದೇ ಉಪಾಯ ಸಾಕು. ಒಂದು ಗೇಣು ಆಳದ ಚೌಕ ತೋಡಿ, ತೆಗೆದ ಮಣ್ಣಿನಿಂದ ಸುತ್ತ ಬದು ಹಾಕಿ, ಒಳಗೆ ಚೆನ್ನಾಗಿ ಕಳಿತ ಕುರಿಗೊಬ್ಬರ ಬೆರೆಸಿ ಗಿಡ ನೆಡು.

ಆಮೇಲೆ ಆ ಮಣ್ಣನ್ನು ಎಂದಿಗೂ ಬಿಸಿಲಿಗೆ ಬರಿಮೈ ಬಿಡಬೇಡ. ನಮ್ಮ ಊರಿನಲ್ಲಿ ಎಣ್ಣೆ ಮಿಲ್ಲುಗಳು ಹೆಚ್ಚಾದ್ದರಿಂದ ಶೇಂಗಾ ಹೊಟ್ಟು ಧಾರಾಳವಾಗಿ ಸಿಗುತ್ತದೆ. ನಾನು ಅದನ್ನೇ ನಾಲ್ಕು ಬೆರಳು ದಪ್ಪ ಹಾಸುತ್ತೇನೆ. ನಿನಗೆ ಭತ್ತದ ಹುಲ್ಲೋ ತೊಗರಿ ಹೊಟ್ಟೋ ಸುಲಭವಾಗಿ ಸಿಕ್ಕೀತು. ಮಧ್ಯಾಹ್ನ ಎರಡು ಗಂಟೆಗೆ ಆ ಹೊದಿಕೆಯನ್ನು ಸರಿಸಿ ಕೈಯಿಟ್ಟು ನೋಡು, ಕೆಳಗಿನ ಮಣ್ಣು ತಣ್ಣಗೆ, ಹಸಿಯಾಗಿ ಬೆರಳಿಗೆ ಅಂಟಿಕೊಳ್ಳುತ್ತದೆ. ಮೊದಲ ವರ್ಷ ನನಗೂ ಇದು ತಿಳಿದಿರಲಿಲ್ಲ. ತಾರಸಿಯ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಟೊಮೆಟೊ ಹಚ್ಚಿದ್ದೆ. ಚೀಲದೊಳಗೆ ಬೆರಳು ಚುಚ್ಚಿದರೆ ಚುರ್ರೆನ್ನುವಷ್ಟು ಮಣ್ಣು ಕಾದಿರುತ್ತಿತ್ತು. ಹೂ ಬಿಟ್ಟವು, ಕಾಯಿ ಕಚ್ಚಲಿಲ್ಲ. ಹಗಲಿನ ತಾಪ 35 ಡಿಗ್ರಿ ದಾಟಿದರೆ ಟೊಮೆಟೊ ಹೂವಿನ ಪರಾಗ ಕೆಟ್ಟು ಹೂ ಉದುರುತ್ತದೆ ಎಂಬುದು ಆಮೇಲೆ ತಿಳಿಯಿತು. ಬೇಸಿಗೆಯಲ್ಲಿ ಟೊಮೆಟೊದ ಆಸೆಯನ್ನು ನಾನು ಅಂದೇ ಬಿಟ್ಟೆ.

ಈಗ ನಾನು ಅತ್ಯಂತ ಪ್ರೀತಿಯಿಂದ ಹೇಳಬೇಕಾದ ಸಂಗತಿಗೆ ಬರುತ್ತೇನೆ, ಅದು ಹೂತಿಟ್ಟ ಮಡಕೆ. ಕುಂಬಾರರ ಮನೆಯಿಂದ ಬಣ್ಣ ಬಳಿಯದ, ಹೊಳಪು ಕೊಡದ, ಐದಾರು ಲೀಟರು ಹಿಡಿಯುವ ಮಡಕೆ ತಂದು, ನೀರು ತುಂಬಿ ಒಂದು ದಿನ ನೆರಳಲ್ಲಿಡು. ಮೈ ಪೂರ್ತಿ ಬೆವರಿದರೆ ಅದು ಒಳ್ಳೆಯ ಮಡಕೆ. ಅದನ್ನು ಚೌಕದ ನಡುವೆ ಕುತ್ತಿಗೆಯವರೆಗೆ ಹೂತು, ಸುತ್ತ ಒಂದು ಗೇಣು ದೂರದಲ್ಲಿ ಹೀರೆ, ಸೌತೆ, ಬೆಂಡೆಯ ಬೀಜ ಊರಿ, ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಮುಚ್ಚಳ ಹಾಕಿ ಬಿಡು. ಮಣ್ಣು ಒಣಗಿದಷ್ಟೂ ಮಡಕೆಯ ಸಣ್ಣ ರಂಧ್ರಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ, ಹಸಿಯಾಗಿದ್ದರೆ ಎಳೆಯುವುದು ತಾನಾಗಿಯೇ ಕಡಿಮೆಯಾಗುತ್ತದೆ. ನನ್ನ ಹಿತ್ತಲಿನಲ್ಲಿ ಒಮ್ಮೆ ತುಂಬಿದರೆ ಮೂರು ನಾಲ್ಕು ದಿನ ಮತ್ತೆ ನೋಡುವ ಅಗತ್ಯವಿಲ್ಲ. ಹೋದ ವರ್ಷ ಹೀರೆಬಳ್ಳಿ ಮುಗಿದ ಮೇಲೆ ಒಂದು ಮಡಕೆಯನ್ನು ಅಗೆದು ತೆಗೆದೆ. ಬಿಳಿಯ ಎಳೆ ಬೇರುಗಳು ಮಡಕೆಯ ಹೊಟ್ಟೆಯನ್ನು ಬಲೆಯಂತೆ ತಬ್ಬಿಕೊಂಡು, ಬಿಡಿಸಲು ಹೋದರೆ ಹರಿಯುವಷ್ಟು ಬಿಗಿಯಾಗಿ ಅಂಟಿಕೊಂಡಿದ್ದವು. ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದೆ.

ಆದರೆ ಬೋರ್‌ವೆಲ್ಲಿನ ಗಡುಸು ನೀರಿನಿಂದ ಮಡಕೆಯ ರಂಧ್ರಗಳಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ತೆಗೆದು, ತೆಂಗಿನ ನಾರಿನಿಂದ ತಿಕ್ಕಿ ತೊಳೆಯಬೇಕು. ಸಾಧ್ಯವಾದರೆ ಮಳೆನೀರನ್ನೇ ತುಂಬಬೇಕು. ನಮ್ಮಲ್ಲಿ ಎಲ್ಲಿಯ ಮಳೆ ಎನ್ನಬೇಡ. ವರ್ಷಕ್ಕೆ 500 ಮಿಲಿಮೀಟರ್ ಮಾತ್ರ ಸುರಿದರೂ, 1000 ಚದರಡಿಯ ತಾರಸಿಯ ಮೇಲೆ ಸುಮಾರು 46 ಸಾವಿರ ಲೀಟರ್ ಬೀಳುತ್ತದೆ. ಮೊದಲ ಮಳೆಯ ಕೊಳೆ ನೀರನ್ನೂ ಆರಿಹೋಗುವ ಪಾಲನ್ನೂ ಕಳೆದರೂ 35 ಸಾವಿರ ಲೀಟರಿನಷ್ಟು ಉಳಿದೀತು. ಅದರಲ್ಲಿ ನಾಲ್ಕು ಡ್ರಮ್ಮು ಹಿಡಿದಿಟ್ಟುಕೊಂಡರೂ ಮಡಕೆಗಳಿಗೆ ಎಷ್ಟೋ ದಿನ ಆಗುತ್ತದೆ. ಪಾತ್ರೆ ತೊಳೆದ ನೀರನ್ನು ಬಾಳೆಗೂ ಕೆಸುವಿಗೂ ಬಿಡಬಹುದು. ಬಟ್ಟೆ ಸೋಪಿನ ಪುಡಿಯ ನೀರು ಮಾತ್ರ ಬೇಡ; ಅದರಲ್ಲಿನ ಸೋಡಾ ಮಣ್ಣನ್ನು ಗಟ್ಟಿ ಮಾಡುತ್ತದೆ.

ಏನು ಬೆಳೆಯಬೇಕೆಂದು ಕೇಳಿದ್ದೀಯ. ಈ ನೆಲ ಒಪ್ಪಿಕೊಂಡದ್ದನ್ನು ಬೆಳೆ. ಒಂದು ಮೂಲೆಯಲ್ಲಿ ನುಗ್ಗೆ ಹಚ್ಚು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಕರಿಬೇವು ಇರಲಿ, ಈ ಎರಡರ ತೆಳುನೆರಳಿನಲ್ಲಿ ಸೊಪ್ಪುಗಳು ಬಿಸಿಲನ್ನು ತಡೆದುಕೊಳ್ಳುತ್ತವೆ. ನಾವು ಗೋರಿಕಾಯಿ ಎನ್ನುವ, ನಿನ್ನ ಈಗಿನ ಊರಿನವರು ಚವಳಿಕಾಯಿ ಎನ್ನುವ ಗಿಡ ಮತ್ತು ಪುಂಡಿಪಲ್ಲೆ ಎಂಬ ಹುಳಿ ಸೊಪ್ಪು ನಿನ್ನನ್ನು ಕೈಬಿಡುವುದಿಲ್ಲ. ನೀನು ಕಳೆಯೆಂದು ಕಿತ್ತೆಸೆದ, ಕೆಂಪು ದಂಟಿನ, ದಪ್ಪ ಎಲೆಯ ಗಿಡ ಗೋಣಿ ಸೊಪ್ಪೇ ಇರಬೇಕು. ನೀರಿಲ್ಲದ ದಿನಗಳಲ್ಲಿ ಅದು ಹಗಲಿನ ಬಿಸಿಲಿಗೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವ ಕ್ರಮಕ್ಕೆ ಹೊರಳಿಕೊಳ್ಳುತ್ತದೆ. ತೊಗರಿಬೇಳೆಯೊಂದಿಗೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಜೊತೆ ತಿಂದು ನೋಡು. ಬದನೆ, ಟೊಮೆಟೊಗಳನ್ನು ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದೊಳಗೆ, ಹಚ್ಚಿದರೆ ಚಳಿಗಾಲದಲ್ಲಿ ಕೈತುಂಬ ಕಾಯಿ ಸಿಗುತ್ತದೆ.

ಈ ಪತ್ರದೊಂದಿಗೆ ನಮ್ಮ ಹಿತ್ತಲಿನ ಗೋರಿಕಾಯಿ ಮತ್ತು ಪುಂಡಿಯ ಬೀಜಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಕಟ್ಟಿ ಕಳಿಸುತ್ತಿದ್ದೇನೆ. ಈಗಲೇ ಬಿತ್ತಬೇಡ. ಮೇ ತಿಂಗಳೊಳಗೆ ಚೌಕಗಳನ್ನು ತೋಡಿ ಗೊಬ್ಬರ ತುಂಬಿಡು, ಎರಡು ಮಡಕೆ ಹೂತಿಡು, ಮುಂಗಾರಿನ ಮೊದಲ ಹದ ಮಳೆಯಾದ ಮಾರನೆಯ ದಿನ ಬೀಜ ಊರು. ಮೊಳಕೆ ಒಡೆದಾಗ ನನಗೊಂದು ಸಾಲು ಬರೆ.

ನಿನ್ನ ಪ್ರೀತಿಯ,
ಚಳ್ಳಕೆರೆಯ ಗೆಳೆಯ