ಸೀಟು ತಪ್ಪುವುದು ಪರೀಕ್ಷೆಯಲ್ಲಿ ಅಲ್ಲ, ಅರ್ಜಿಯಲ್ಲಿ: ಪಾವಗಡ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ದ್ವಿತೀಯ ಪಿಯು ಓದುವ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರು ಮುಂದಿನ ಕಾಲೇಜಿನ ಬಗ್ಗೆ ತಿಳಿಯುವುದೆಲ್ಲ ಈಗ ಮೊಬೈಲಿನಲ್ಲೇ. ಯಾವ ಕೋರ್ಸಿಗೆ ಬೇಡಿಕೆಯಿದೆ, ಹೋದ ವರ್ಷ ಎಷ್ಟನೇ ರ್‍ಯಾಂಕಿಗೆ ಸೀಟು ನಿಂತಿತು ಎಂಬುದನ್ನೆಲ್ಲ ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಹುಡುಕಿಟ್ಟುಕೊಂಡಿರುತ್ತಾರೆ. ಮಕ್ಕಳಿಗೆ ಎಲ್ಲ ಗೊತ್ತಿದೆ ಎಂದು ಮನೆಯವರೂ ಸುಮ್ಮನಿರುತ್ತಾರೆ. ಆದರೆ ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಸೀಟಿಗಾಗಿ ಸಿಇಟಿಯ (ಸಾಮಾನ್ಯ ಪ್ರವೇಶ ಪರೀಕ್ಷೆ) ಅರ್ಜಿ ತುಂಬಲು ಕೂತಾಗ ಬೇಕಾಗುವ ತಿಳಿವಳಿಕೆಯೇ ಬೇರೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನಾಡಕಚೇರಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ಸಂಖ್ಯೆ, ಶಾಲೆಯ ಎಸ್‌ಎಟಿಎಸ್ (ಮಗು ಯಾವ ವರ್ಷ ಎಲ್ಲಿ ಓದಿತೆಂಬುದರ ಆನ್‌ಲೈನ್ ಲೆಕ್ಕ) ದಾಖಲೆ, ಬ್ಯಾಂಕ್ ಖಾತೆ ಇವೆಲ್ಲ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಚೆನ್ನಾಗಿ ಓದಿದ ಮಗುವೂ ಮೀಸಲಾತಿ ಕೈತಪ್ಪಿ ಸಾಮಾನ್ಯ ವರ್ಗದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ತಮ್ಮದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಇದರ ಪೆಟ್ಟು ಮೊದಲು ಯಾರಿಗೆ ಬೀಳುತ್ತದೆಂದು ತಮಗೆ ವಿವರಿಸಬೇಕಿಲ್ಲ.

ಮೊದಲನೆಯದು ಹೆಸರು. ಶಾಲೆಯಲ್ಲಿ ಇನಿಷಿಯಲ್ ಸೇರಿಸಿ ಬರೆಸಿರುತ್ತಾರೆ, ಆಧಾರ್‌ನಲ್ಲಿ ಇನಿಷಿಯಲ್ ಬಿಟ್ಟುಹೋಗಿರುತ್ತದೆ, ಇಲ್ಲವೇ ಪೂರ್ತಿ ಬಿಡಿಸಿ ಬರೆದಿರುತ್ತದೆ. ಮನೆಮಾತು ತೆಲುಗಾಗಿರುವ ನಮ್ಮ ಗಡಿಯ ಊರುಗಳಲ್ಲಿ ತಂದೆಯ ಹೆಸರು ಒಂದು ಕಡೆ ಶ್ರೀರಾಮಪ್ಪ, ಇನ್ನೊಂದು ಕಡೆ ಶ್ರೀರಾಮುಲು. ತಿದ್ದುವುದಕ್ಕೂ ಒಂದು ಕ್ರಮವಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಅಂಕಪಟ್ಟಿಯ ತಿದ್ದುಪಡಿ ಶಾಲೆಯಿಂದ ಪರೀಕ್ಷಾ ಮಂಡಳಿಯವರೆಗೆ ಹೋಗಿಬರುವ ದೊಡ್ಡ ಕೆಲಸ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ 2 ಸಲ, ಹುಟ್ಟಿದ ದಿನಾಂಕಕ್ಕೆ 1 ಸಲ ಮಾತ್ರ ಅವಕಾಶ. ಯಾರೋ ಹೇಳಿದರೆಂದು ಅಂದಾಜಿನಲ್ಲಿ ತಿದ್ದಿಸಿಕೊಂಡವರಿಗೆ ನಿಜವಾಗಿ ಬೇಕಾದಾಗ ಆ ಅವಕಾಶ ಉಳಿದಿರುವುದಿಲ್ಲ.

ಆಧಾರ್‌ನ ಇನ್ನೊಂದು ಸಂಗತಿ ಹೆಚ್ಚಿನ ಮನೆಗಳಿಗೆ ಗೊತ್ತೇ ಇಲ್ಲ. ಮಗುವಿಗೆ 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು, ಭಾವಚಿತ್ರವನ್ನು ಹೊಸದಾಗಿ ಕೊಡಬೇಕು. 17ರೊಳಗೆ ಮಾಡಿಸಿದರೆ ಉಚಿತ. ಮಾಡಿಸದಿದ್ದರೆ ದೃಢೀಕರಣದ ಹೊತ್ತಿಗೆ ಹಳೆಯ ಗುರುತು ತಾಳೆಯಾಗದೆ ಹೋಗಬಹುದು. ಪಿಯು ಮಕ್ಕಳು ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾರೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಮೊಬೈಲ್ ನಂಬರ್. ಆಧಾರ್‌ಗೆ ಜೋಡಿಸಿದ ನಂಬರ್ ಬೆಂಗಳೂರಿಗೆ ಕೂಲಿಗೆ ಹೋದ ತಂದೆಯ ಬಳಿ ಇರುತ್ತದೆ. ಅಥವಾ ರೀಚಾರ್ಜ್ ಇಲ್ಲದೆ ನಿಂತುಹೋಗಿ ಬೇರೆ ಯಾರಿಗೋ ಸೇರಿರುತ್ತದೆ. ಓಟಿಪಿ ಬರುವುದು ಅಲ್ಲಿಗೇ. ಸೈಬರ್ ಸೆಂಟರಿನವರು ಗಿರಾಕಿಗಳ ಸಾಲು ಕರಗಿಸುವ ಅವಸರದಲ್ಲಿ ತಮ್ಮದೇ ನಂಬರ್, ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಇದರಿಂದ ಏನೂ ತೊಂದರೆ ಕಾಣುವುದಿಲ್ಲ. ಫಲಿತಾಂಶ ಬಂದು ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ತುಂಬುವುದು) ಶುರುವಾದಾಗ ಲಾಗಿನ್ ಆಗಲು ಆಗದೆ ಮಗು ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲಬೇಕು. ಅರ್ಜಿಗೆ ವಿದ್ಯಾರ್ಥಿಯ ಅಥವಾ ತಾಯಿಯ ನಂಬರನ್ನೇ ಕೊಡಬೇಕು, ವಿದ್ಯಾರ್ಥಿಯೇ ತೆರೆದ ಇಮೇಲ್ ಇರಬೇಕು, ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು. ಶುಲ್ಕ ಕಟ್ಟಿ ಅಂತಿಮ ಅರ್ಜಿಯ ಪ್ರಿಂಟ್ ಕೈಗೆ ಬರುವವರೆಗೆ ಅರ್ಜಿ ಮುಗಿದಿಲ್ಲ ಎಂಬುದನ್ನೂ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ. ವಿವರ ತುಂಬಿ ಸೇವ್ ಮಾಡಿದ್ದನ್ನೇ ಸಲ್ಲಿಕೆ ಎಂದುಕೊಳ್ಳುವವರು ಬಹಳ.

ಜಾತಿ, ಆದಾಯ ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು, ತಂದೆಯದು ನಡೆಯದು. ಆದಾಯದ ಪತ್ರಕ್ಕೆ ಅವಧಿಯಿದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪಿಯು ಮುಗಿಯುವ ಹೊತ್ತಿಗೆ ಮುಗಿಯುತ್ತಾ ಬಂದಿರಬಹುದು. ಆರ್‌ಡಿ ಅಕ್ಷರಗಳ ನಂತರ ಬರುವುದೆಲ್ಲ ಅಂಕಿಗಳೇ. ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಒತ್ತಿದರೆ ದಾಖಲೆ ಸಿಗುವುದಿಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ನಮ್ಮ ತಾಲ್ಲೂಕಿಗೆ ದೊಡ್ಡ ಆಸರೆ. ಮೊದಲನೆಯದು ಶೇ 15, ಎರಡನೆಯದು ಶೇ 5. ಎರಡಕ್ಕೂ 1ರಿಂದ 10ನೇ ತರಗತಿಯವರೆಗೆ ಪೂರ್ತಿ 10 ವರ್ಷದ ಲೆಕ್ಕ ಬೇಕು. ಗ್ರಾಮೀಣ ಎಂದರೆ ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ನಾಗಲಮಡಿಕೆ ಹೋಬಳಿಯ ಮಗು ಎರಡು ವರ್ಷ ಪಾವಗಡ ಪಟ್ಟಣದ ಶಾಲೆಗೆ ಬಂದುಹೋಗಿದ್ದರೆ ಆ ಸೌಲಭ್ಯ ಇಲ್ಲ. ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ವ್ಯಾಸಂಗ ಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಪಡೆಯಬೇಕು. ಮಡಕಶಿರಾ, ಹಿಂದೂಪುರದ ಕಡೆ ಅಜ್ಜಿಯ ಮನೆಯಲ್ಲಿದ್ದು ಕೆಲವು ತರಗತಿ ಓದಿಬಂದ ಮಕ್ಕಳದು ಇನ್ನೂ ತೊಡಕು. ಆ ವರ್ಷಗಳು ನಮ್ಮ ಎಸ್‌ಎಟಿಎಸ್‌ನಲ್ಲಿ ಸಿಗುವುದಿಲ್ಲ. ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿದ್ದಾರೆಂದು ಕಾಗದದಲ್ಲೇ ತೋರಿಸಬೇಕು. ಪಾವಗಡದ ಮೂರು ದಿಕ್ಕಿಗೂ ಆಂಧ್ರವಿರುವುದರಿಂದ ಇಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಇವರನ್ನು ಮೊದಲೇ ಗುರುತಿಸಿಟ್ಟುಕೊಳ್ಳುವುದು ಕಷ್ಟವಲ್ಲ.

ಇನ್ನು ಆಪ್ಷನ್ ಎಂಟ್ರಿ. ಮಕ್ಕಳು ಮೊಬೈಲಿನ ಭರವಸೆಯಲ್ಲಿ ಎಡವುವುದು ಇಲ್ಲಿ. ಟೆಲಿಗ್ರಾಂನಲ್ಲಿ ಓಡಾಡುವ ಕಟಾಫ್ ಪಟ್ಟಿಯಲ್ಲಿ ಯಾವ ವರ್ಷದ್ದು, ಯಾವ ಸುತ್ತಿನದು, ಯಾವ ಮೀಸಲಾತಿಯದು ಎಂಬುದೇ ಇರುವುದಿಲ್ಲ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪಟ್ಟಿ ಸುತ್ತುವಾರು, ವರ್ಗವಾರು ಸಿಗುತ್ತದೆ. ಅದನ್ನು ನೋಡಿದವರು ಕಡಿಮೆ. ಸೀಟು ಸಿಗದೆ ಹೋದೀತೆಂಬ ಭಯದಲ್ಲಿ ಇಷ್ಟವಿಲ್ಲದ ಕಾಲೇಜನ್ನು ಮೇಲಿಟ್ಟು, ಇಷ್ಟವಾದದ್ದನ್ನು ಕೆಳಗಿಡುತ್ತಾರೆ. ಹಂಚಿಕೆ ನಡೆಯುವುದು ಮೇಲಿನಿಂದ ಕೆಳಕ್ಕೆ. ಆ ರ್‍ಯಾಂಕಿಗೆ ಮೊದಲು ಸಿಕ್ಕಿದ್ದು ಖಾತರಿಯಾಗುತ್ತದೆ, ಅದರ ಕೆಳಗಿನ ಆಯ್ಕೆಗಳು ಲೆಕ್ಕದಿಂದ ಹೊರಗೆ. ಆದ್ದರಿಂದ ಆಸೆಯ ಕ್ರಮದಲ್ಲೇ ಬರೆಯಬೇಕು, ಧಾರಾಳವಾಗಿ ಬರೆಯಬೇಕು. ಐದಾರಕ್ಕೇ ನಿಲ್ಲಿಸಿದವರು ಯಾವ ಸೀಟೂ ಇಲ್ಲದೆ ಉಳಿಯಬಹುದು. ಅಣಕು ಸೀಟು ಹಂಚಿಕೆ ಬಂದಾಗ ಕ್ರಮ ಬದಲಿಸಲು ಅವಕಾಶವಿರುತ್ತದೆ. ಅದನ್ನೇ ನಿಜವಾದ ಸೀಟೆಂದು ತಿಳಿದು ಮನೆಯಲ್ಲಿ ಸಿಹಿ ಹಂಚಿ, ಮತ್ತೆ ಜಾಲತಾಣದ ಕಡೆ ನೋಡದವರೂ ಉಂಟು. ನಿಜವಾದ ಹಂಚಿಕೆಯ ನಂತರ ಸೀಟು ಒಪ್ಪಿ ಸೇರುವುದೋ, ಒಪ್ಪಿಯೂ ಉತ್ತಮವಾದದ್ದಕ್ಕೆ ಕಾಯುವುದೋ, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದೋ, ಪೂರ್ತಿ ಹೊರಬರುವುದೋ ಎಂದು ಕೆಲವೇ ದಿನಗಳಲ್ಲಿ ಒತ್ತಬೇಕು. ಒತ್ತದಿದ್ದರೆ ಕೈಗೆ ಬಂದ ಸೀಟೂ ಹೋಗುತ್ತದೆ. ಇಷ್ಟೆಲ್ಲವನ್ನು ಅಂಗೈಯಗಲದ ತೆರೆಯಲ್ಲಿ, ಒಬ್ಬರೇ, 17ರ ವಯಸ್ಸಿನಲ್ಲಿ ತೀರ್ಮಾನಿಸಿ ಎಂದು ಬಿಟ್ಟುಬಿಡುವುದು ಅನ್ಯಾಯ.

ಸಾಮಾನ್ಯ ಪದವಿಗೆ ಹೋಗುವವರು ಯುಯುಸಿಎಂಎಸ್ ಎಂಬ ಜಾಲತಾಣದಲ್ಲಿ, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಲ್ಲೂ ಇವೇ ಕಾಗದಗಳು, ಜೊತೆಗೆ ಇ-ದೃಢೀಕರಣ (ದಾಖಲೆಗಳನ್ನು ಅಧಿಕಾರಿ ಆನ್‌ಲೈನ್‌ನಲ್ಲೇ ದೃಢೀಕರಿಸುವುದು) ಮತ್ತು ವಿದ್ಯಾರ್ಥಿಯ ಹೆಸರಿನಲ್ಲಿ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ.

ಇನ್ನು ನಮ್ಮ ಕೋರಿಕೆ. ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆಗೆ ತಾವೇ ಅಧ್ಯಕ್ಷರು. ತಹಶೀಲ್ದಾರರು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿಗಳು ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಅರ್ಜಿ ಈಚಿನ ವರ್ಷಗಳಲ್ಲಿ ಜನವರಿಯಲ್ಲೇ ಶುರುವಾಗುತ್ತಿದೆ. ಆ ಹೊತ್ತಿಗೆ ಮಕ್ಕಳು ಪ್ರಾಯೋಗಿಕ ಮತ್ತು ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿರುತ್ತಾರೆ. ಹಾಗಾಗಿ ನವೆಂಬರ್‌ನಲ್ಲೇ ಪ್ರತಿ ಪಿಯು ಕಾಲೇಜಿನಲ್ಲಿ ಒಂದು ದಿನದ ದಾಖಲೆ ತಪಾಸಣೆ ನಡೆಸಲು ಸೂಚಿಸಿ. ಕಂದಾಯ ಇಲಾಖೆಯಿಂದ ಒಬ್ಬರು, ಯಂತ್ರದ ಸಮೇತ ಆಧಾರ್ ಸಿಬ್ಬಂದಿ ಒಬ್ಬರು, ಶಿಕ್ಷಣಾಧಿಕಾರಿ ಕಚೇರಿಯಿಂದ ಮೇಲುಸಹಿಯ ಕಾಗದ ಪಡೆಯುವವರೊಬ್ಬರು ಇದ್ದರೆ ಸಾಕು. ಹೊಂದಿಕೆಯಾಗದ ದಾಖಲೆಗಳನ್ನು ವಿದ್ಯಾರ್ಥಿವಾರು ಪಟ್ಟಿ ಮಾಡಿ, ಡಿಸೆಂಬರ್ ಕೊನೆಯೊಳಗೆ ತಿದ್ದಿ ಮುಗಿಸಲಿ.

ಎರಡನೆಯದು, ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು. ಕಂಪ್ಯೂಟರ್ ಇರುವ ಕಡೆ ಒಂದು ಪ್ರಿಂಟರ್, ಒಂದು ಸ್ಕ್ಯಾನರ್ ಕೊಡಿಸಿ, ಆಪ್ಷನ್ ಎಂಟ್ರಿಯ ದಿನಗಳಲ್ಲಿ ರಾತ್ರಿ 8ರವರೆಗೆ ತೆರೆದಿಡಿಸಿ. ವೈ.ಎನ್. ಹೊಸಕೋಟೆಯಿಂದ, ನಿಡಗಲ್ಲಿನಿಂದ ಮಕ್ಕಳು ಸೈಬರ್ ಸೆಂಟರ್‌ಗಾಗಿ ಪಾವಗಡಕ್ಕೆ ಬರುವುದು ತಪ್ಪುತ್ತದೆ. ಮೇಲ್ವಿಚಾರಕರಿಗೆ ಮೇ ತಿಂಗಳಲ್ಲಿ ಒಂದು ದಿನದ ತರಬೇತಿ ಕೊಡಲು ನಾವೇ ಸಿದ್ಧರಿದ್ದೇವೆ, ಸಂಭಾವನೆ ಬೇಡ.

ಮುಂದಿನ ಕೆಡಿಪಿ ಸಭೆಯ ನಡಾವಳಿಯಲ್ಲಿ ಈ ವಿಷಯ ಸೇರಿಸಿ, ತಪಾಸಣೆಯ ದಿನಾಂಕಗಳನ್ನು ಕಾಲೇಜುವಾರು ಪ್ರಕಟಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಪಾವಗಡ ತಾಲ್ಲೂಕಿನ ಪಿಯು ಉಪನ್ಯಾಸಕರು ಕೆಲವರು