ಇಸವಿ ಕೇಳುತ್ತಾ ಕೂತವರಿಗೆ

ಪುಸ್ತಕ ಬಿಡುಗಡೆ ಆಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ, ಬರ್ತೀನಿ ಅಂತ ಹೊರಟು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ವಾಪಸ್ ಹೋದವರಿಗೆ, ಎಲ್ಲರಿಗೂ ನಮಸ್ಕಾರ. ಮೂರು ದಶಕದ ಕಲಾವಿಮರ್ಶೆ ಒಂದೇ ರಟ್ಟಿನೊಳಗೆ ಸೇರಿದೆ. ಕೈಗೆತ್ತಿಕೊಂಡರೆ ತೂಕಕ್ಕೇ ಭಯವಾಗುತ್ತದೆ.

ವೇದಿಕೆಯಲ್ಲಿ ನನಗೆ ಐದು ನಿಮಿಷ ಕೊಟ್ಟಿದ್ದರು. ಹೇಳಬೇಕಾದ್ದನ್ನು ಹೇಳಲಿಲ್ಲ. ಯಾರ ಬಗ್ಗೆ ಹೇಳಬೇಕಿತ್ತೋ ಅವರು ಮೂರನೇ ಸಾಲಿನಲ್ಲೇ ಕೂತಿದ್ದರು. ತಮ್ಮ ಹೆಸರು ಎತ್ತಿದರೆ ಎದ್ದು ಹೋಗ್ತೀನಿ ಅಂತ ಮೊದಲೇ ಎಚ್ಚರಿಸಿದ್ದರು. ಇಲ್ಲೂ ಹೆಸರು ಹಾಕುವುದಿಲ್ಲ. ಚಿತ್ರಗಳಿಗೆ ಫ್ರೇಮ್ ಕಟ್ಟುವವರು, ಬೆಂಗಳೂರಿನ ಕಲಾವಿದರು ಅವರನ್ನು ಕರೆಯುವುದು ಫ್ರೇಮಣ್ಣ ಅಂತ. ಹಾಗೇ ಇರಲಿ.

ಮೊದಲು ಉಳಿದವರ ಋಣ. ಕೈಬರಹವನ್ನು ಕಂಪ್ಯೂಟರಿಗೆ ಏರಿಸಿದ ಹಳೇ ವಿದ್ಯಾರ್ಥಿಗಳು, ಕರಡು ತಿದ್ದಿದ ಗೆಳೆಯ, ಹಾಕಿದ ದುಡ್ಡು ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದೆ ಅಚ್ಚಿಗೆ ಒಪ್ಪಿದ ಪ್ರಕಾಶಕರು, ಚಿತ್ರಗಳನ್ನು ಬಳಸಲು ಬಿಟ್ಟ ಕಲಾವಿದರು ಮತ್ತು ತೀರಿಕೊಂಡವರ ಮನೆಯವರು, ಆ ತಿಂಗಳುಗಳಲ್ಲಿ ಸಾರು ಅನ್ನ ಕಳಿಸಿದ ಅಕ್ಕ, ಇವರ್‍ಯಾರು ಇಲ್ಲದಿದ್ದರೂ ಪುಸ್ತಕ ಆಗುತ್ತಿರಲಿಲ್ಲ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೈಯಬೇಡಿ. ಇಡೀ ಪ್ರದರ್ಶನವನ್ನು ಮುನ್ನೂರು ಪದದಲ್ಲಿ ಮುಗಿಸಿ ಅಭ್ಯಾಸ ನನಗೆ.

2022ರ ಸೆಪ್ಟೆಂಬರ್ ಮಳೆ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಹೊರ ವರ್ತುಲ ರಸ್ತೆ ಕೆರೆಯಾದದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೀರಿ. ಸೆಪ್ಟೆಂಬರ್ 4ರ ರಾತ್ರಿ ನಮ್ಮ ನೆಲಮಹಡಿಗೂ ನೀರು ನುಗ್ಗಿತು. ನನ್ನ ಕಾಗದಗಳೆಲ್ಲ ಅಲ್ಲೇ ಇದ್ದವು. ಸೋಫಾ, ಫ್ರಿಜ್ಜು, ಸ್ಕೂಟರು ಹೋದದ್ದಕ್ಕೆ ನಾನು ಅಳಲಿಲ್ಲ.

ಕಾಗದಕ್ಕೆ ಯಾಕೆ ಅಷ್ಟು ಅಳಬೇಕು ಅಂತ ಕೆಲವರು ಕೇಳಿದ್ದರು. ಕಾರಣ ಇದು. ನಾನು ಬರೆಯಲು ಶುರು ಮಾಡಿದಾಗ ಒಂದು ಪ್ರದರ್ಶನದ ಆಯುಸ್ಸು ಹೆಚ್ಚೂ ಕಡಿಮೆ ಒಂದು ವಾರ. ನೋಡಿ, ಬರೆದು, ಭಾನುವಾರದ ಪುರವಣಿಯಲ್ಲಿ ಅಚ್ಚಾಗುವ ಹೊತ್ತಿಗೆ ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಗ್ಯಾಲರಿಯ ಗೋಡೆಯಲ್ಲಿ ಬೇರೆ ಯಾರದೋ ಚಿತ್ರ ಇರುತ್ತಿತ್ತು. ಓದಿದವರು ಹೋಗಿ ನೋಡುವಂತಿರಲಿಲ್ಲ. ಚಿತ್ರಕಾರ ವೆಂಕಟಪ್ಪನವರ ಊಟಿ, ಕೊಡೈಕನಾಲಿನ ಜಲವರ್ಣಗಳಿಗಾದರೆ ಅವರದೇ ಹೆಸರಿನ ಕಟ್ಟಡ ಇದೆ. 90ರ ದಶಕದಲ್ಲಿ ನನ್ನ ವಾರಿಗೆಯವರು ಮಣ್ಣು, ಸಗಣಿ, ಹಗ್ಗ, ಹಳೇ ಕಬ್ಬಿಣದಲ್ಲಿ ಪ್ರದರ್ಶನದ ಜಾಗದಲ್ಲೇ ಕಟ್ಟಿ ನಿಲ್ಲಿಸಿದ ಇನ್‌ಸ್ಟಲೇಶನ್‌ಗಳು? ಎಷ್ಟೋ ಕೃತಿಗಳು ಪ್ರದರ್ಶನ ಮುಗಿದ ಸಂಜೆಯೇ ಬಿಚ್ಚಿಹೋದವು. ಅಂಥದ್ದೊಂದು ಇತ್ತು ಅನ್ನುವುದಕ್ಕೆ ಒಂದು ಆಹ್ವಾನ ಪತ್ರಿಕೆ, ಎರಡು ಮಡಿಕೆಯ ಒಂದು ಹಾಳೆಯ ಕ್ಯಾಟಲಾಗ್, ನನ್ನ ನೋಟ್‌ಬುಕ್ಕಿನ ಅರ್ಧ ಪುಟ. ಅಷ್ಟೇ ಉಳಿದದ್ದು.

ಮಾರನೇ ದಿನ ಸಂಜೆ ಫ್ರೇಮಣ್ಣ ಬಂದರು. ನಮ್ಮ ರಸ್ತೆಗೆ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವೆನ್ಯೂ ರಸ್ತೆಯ ಒಳಗಲ್ಲಿಯ ಅಂಗಡಿ ಮುಚ್ಚಿ, ಬ್ಲಾಟಿಂಗ್ ಪೇಪರಿನ ಒಂದು ದೊಡ್ಡ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆ ಮೇಲೆ ಹೊತ್ತುಕೊಂಡು ಟ್ರ್ಯಾಕ್ಟರಿನಿಂದ ಇಳಿದರು. ನಾನು ಯಾರನ್ನೂ ಕರೆದಿರಲಿಲ್ಲ. ಯಾರೋ ಹೇಳಿದರಂತೆ.

ಬಂದವರೇ ನನ್ನ ಕೈಯಲ್ಲಿದ್ದ ಹೇರ್ ಡ್ರೈಯರ್ ಕಿತ್ತುಕೊಂಡರು. ಕರೆಂಟೂ ಇರಲಿಲ್ಲ ಅನ್ನಿ, ನಾನು ಸುಮ್ನೆ ಹಿಡಿದುಕೊಂಡು ನಿಂತಿದ್ದೆ. "ಬಿಸಿ ಗಾಳಿ ಬೇಡ ಮೇಡಂ, ಬಿಸಿಲಿಗೂ ಹಾಕ್ಬೇಡಿ. ಆರ್ಟ್ ಪೇಪರ್ ಒಂದ್ಸಲ ಅಂಟ್ಕೊಂಡು ಒಣಗಿದ್ರೆ ಆಮೇಲೆ ಇಟ್ಟಿಗೆ ಅಷ್ಟೇ." ಅದು ಅವರಿಗೆ ಅನುಭವದಿಂದ ಗೊತ್ತು. ರವಿವರ್ಮ ಪ್ರೆಸ್ಸಿನ ಹಳೇ ಲಕ್ಷ್ಮಿ, ಸರಸ್ವತಿ ಪಟಗಳು ತೇವದ ಗೋಡೆಯಲ್ಲಿದ್ದು ಗಾಜಿಗೇ ಅಂಟಿಕೊಂಡು ಅವರ ಅಂಗಡಿಗೆ ಬರುತ್ತವೆ. ಬಿಡಿಸಲು ಹೋದರೆ ದೇವರ ಮುಖ ಗಾಜಿನ ಕಡೆ ಉಳಿಯುತ್ತದೆ.

ಹಾಳಾದ ಚಿತ್ರ, ಕಾಗದಗಳನ್ನು ಉಳಿಸುವ ಕೆಲಸದ ಕನ್ಸರ್ವೇಟರ್ ಗೆಳತಿಯೊಬ್ಬಳು ಫೋನಿನಲ್ಲಿ ಇನ್ನೊಂದು ಮಾತು ಹೇಳಿದಳು. ಒದ್ದೆ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಫ್ರೀಜರಿಗೆ ಹಾಕಿಬಿಡು, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು ಎಂದಳು. ನನ್ನ ಫ್ರಿಜ್ಜು ಅಂಗಳದಲ್ಲಿ ತೇಲುತ್ತಿತ್ತು. ಫ್ರೇಮಣ್ಣ ಒಂದು ನಿಮಿಷ ಯೋಚಿಸಿ, "ನಮ್ ಭಾವಮೈದಂದು ಐಸ್‌ಕ್ರೀಂ ಅಂಗಡಿ ಇದೆ" ಎಂದರು.

ಹಾಗಾಗಿ ಬೆಳಗಾಗುವುದರೊಳಗೆ ಎಲ್ಲವನ್ನೂ ವಿಂಗಡಿಸಬೇಕಿತ್ತು. ಮೊದಲ ಮಹಡಿಯ ಖಾಲಿ ಕೋಣೆ, ಎರಡು ಎಮರ್ಜೆನ್ಸಿ ಲ್ಯಾಂಪು, ಕೆಳಗೆ ಚರಂಡಿ ವಾಸನೆ. ನಾನು ಎತ್ತಿಕೊಡುವುದು, ಅವರು ಪ್ಲಾಸ್ಟಿಕ್ ಕವರಿಗೆ ಹಾಕಿ ಮಾರ್ಕರಿನಲ್ಲಿ ಬರೆಯುವುದು. ಆಗ ಕಂಡದ್ದೊಂದು ವಿಚಿತ್ರ. ಬಾಲ್ ಪೆನ್ನಿನ ಬರಹ ಕದಲಿರಲಿಲ್ಲ. ಕಲಾವಿದೆ ಶೀಲಾ ಗೌಡ ಅವರು ಸೂಜಿಗೆ ಪೋಣಿಸಿದ ದಾರಗಳನ್ನೆಲ್ಲ ಸೇರಿಸಿ ಕುಂಕುಮ ಮೆತ್ತಿ ಹಗ್ಗ ಮಾಡಿದ ಕೃತಿಯನ್ನು ಮೊದಲು ನೋಡಿದ ದಿನ ನಾನು ಗೀಚಿಕೊಂಡದ್ದು ಅಕ್ಷರ ಅಕ್ಷರವಾಗಿ ಇತ್ತು. ಕಲಾವಿದರು ಇಂಡಿಯನ್ ಇಂಕಿನಲ್ಲಿ ಬರೆದ ಕಾಗದಗಳೂ ಉಳಿದಿದ್ದವು. ಫೌಂಟನ್ ಪೆನ್ನಿನದು ಮಾತ್ರ ತೊಳೆದುಹೋಗಿತ್ತು.

ನಮ್ಮ ಮೇಷ್ಟ್ರು ಬರೆಯುತ್ತಿದ್ದದ್ದು ಫೌಂಟನ್ ಪೆನ್ನಿನಲ್ಲಿ. ನನ್ನ ಮೊದಲ ಲೇಖನ ಓದಿ ಅವರು ಹಾಕಿದ್ದ ಕಾಗದ ಕೈಗೆ ಬಂತು. ನೀಲಿ ಮೋಡ, ಅದರ ನಡುವೆ ಹಾಳೆಯ ಗೆರೆಗಳು. ಅವರು ಈಗ ಇಲ್ಲ. ಇನ್ನೊಮ್ಮೆ ಬರೆಸಿಕೊಳ್ಳಲು ಆಗುವುದಿಲ್ಲ. ಆ ಹೊತ್ತಿಗೆ ನನಗೆ ಸಾಕಾಗಿ ಹೋಯಿತು. ಎಲ್ಲವನ್ನೂ ಪಾಲಿಕೆ ಲಾರಿಗೆ ಹಾಕಿಬಿಡಿ ಎಂದೆ. ಕನ್ನಡದಲ್ಲಿ ಚಿತ್ರದ ಬಗ್ಗೆ ಬರೆದದ್ದನ್ನು ಯಾರು ಓದಿದರು, ಯಾರಿಗೆ ಬೇಕಾಗಿತ್ತು ಎಂದು ಏನೇನೋ ಕೂಗಾಡಿದೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ಇಷ್ಟು ಹೊತ್ತಿಗೆ ಎಲ್ಲೋ ಇರುತ್ತಿದ್ದೆ ಅಂತಲೂ ಹೇಳಿದೆ. ಅದು ಒಳಗಿದ್ದ ಹಳೇ ನೋವೇ.

ಫ್ರೇಮಣ್ಣ ಸಮಾಧಾನ ಮಾಡಲಿಲ್ಲ. ಎಲ್ಲಾ ಸರಿಹೋಗುತ್ತೆ ಅನ್ನಲಿಲ್ಲ. ನಾನು ನಿಲ್ಲಿಸುವವರೆಗೆ ಕಾದು, ಮುಂದಿನ ಹಾಳೆಯನ್ನು ಲ್ಯಾಂಪಿನ ಬೆಳಕಿಗೆ ಹಿಡಿದು, "ಇದು ಯಾವ ಇಸವಿದು ಮೇಡಂ?" ಎಂದರು.

ಹಡಪದ್ ಮೇಷ್ಟ್ರ ಕೆನ್ ಕಲಾಶಾಲೆಯ ಒಂದು ಆಹ್ವಾನ ಪತ್ರಿಕೆ ಅದು. ಇಸವಿ ಹೇಳಿದೆ. ಬರೆದುಕೊಂಡರು. ಇನ್ನೊಂದು ಎತ್ತಿದರು. ಹೇಳಿದೆ. ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗಿನದು, 2009. ಕೊಚ್ಚಿಯ ಮೊದಲ ಬಿನಾಲೆಯ (ಎರಡು ವರ್ಷಕ್ಕೊಮ್ಮೆಯ ಕಲಾಮೇಳ) ನಕಾಶೆ, 2012. ಅದರ ಮುಖ್ಯ ತಾಣವಾದ ಆಸ್ಪಿನ್‌ವಾಲ್ ಹೌಸಿನ ಪುಟದಲ್ಲಿ ನಾನೇ ಚೆಲ್ಲಿದ್ದ ಚಹಾದ ಕಲೆ ಹಾಗೇ ಇತ್ತು, ಪ್ರವಾಹಕ್ಕೂ ಜಗ್ಗಿರಲಿಲ್ಲ. ವೆಂಕಟಪ್ಪ ಗ್ಯಾಲರಿಯನ್ನು ಖಾಸಗಿಯವರಿಗೆ ಕೊಡಬೇಡಿ ಅಂತ ಕಲಾವಿದರೆಲ್ಲ ಬೀದಿಗಿಳಿದಾಗಿನ ಕರಪತ್ರ, 2016. "ಇದಕ್ಕೆ ನಾನೂ ಬಂದಿದ್ದೆ" ಎಂದರು ಫ್ರೇಮಣ್ಣ. ಇಡೀ ರಾತ್ರಿ ಅವರು ತಮ್ಮ ಬಗ್ಗೆ ಆಡಿದ ಮಾತು ಅದೊಂದೇ. ಪ್ರತಿ ಇಸವಿ ಹೇಳುವಾಗಲೂ ಆ ಗೋಡೆ, ಆ ಬೆಳಕು, ಯಾರು ಯಾವ ಮೂಲೆಯಲ್ಲಿ ನಿಂತಿದ್ದರು ಎನ್ನುವುದು ನನ್ನ ಬಾಯಿಗೆ ಬರುತ್ತಿತ್ತು. ಅವರು ಕೇಳಿಸಿಕೊಳ್ಳುತ್ತಿದ್ದರು, ಇಲ್ಲವೇ ಹಾಗೆ ನಟಿಸುತ್ತಿದ್ದರು. ಪುಸ್ತಕದ ಅಧ್ಯಾಯಗಳು ಇಸವಿ ಪ್ರಕಾರ ಇರುವುದು ಯಾಕೆ ಅಂತ ಮೊನ್ನೆ ಒಬ್ಬರು ಕೇಳಿದರಲ್ಲ, ಉತ್ತರ ಇಲ್ಲಿದೆ. ಆ ಕವರುಗಳ ಕ್ರಮವೇ ಪುಸ್ತಕದ ಕ್ರಮ.

ಕ್ಯುರೇಟರ್, ಅಂದರೆ ಪ್ರದರ್ಶನ ರೂಪಿಸುವವಳು ಅಂತ ನನ್ನ ಹೆಸರಿನ ಮುಂದೆ ಹಾಕುತ್ತಾರೆ. ಆ ಕೆಲಸದ ಅರ್ಧ ಕಲಿತದ್ದು ಅವರಿಂದಲೇ. ಚಿತ್ರ ಬಂದರೆ ಅವರು ಮೊದಲು ತಿರುಗಿಸಿ ಬೆನ್ನು ನೋಡುತ್ತಾರೆ. ಹಳೇ ಪ್ರದರ್ಶನದ ಚೀಟಿ, ಮರದಲ್ಲಿ ಹುಳ ಕೊರೆದ ತೂತು, ಕ್ಯಾನ್ವಾಸ್ ಎಷ್ಟು ಸಲ ಬಿಚ್ಚಿ ಮತ್ತೆ ಬಿಗಿದಿದ್ದಾರೆ ಎನ್ನುವುದು ಎಲ್ಲ ಅಲ್ಲಿರುತ್ತದೆ. ನಾನು ಎಷ್ಟೋ ವರ್ಷ ಮುಂಭಾಗವನ್ನಷ್ಟೇ ನೋಡಿ ಬರೆದವಳು. ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರಬೇಕು ಅಂತ ನಮ್ಮ ಕೈಪಿಡಿಗಳಲ್ಲಿರುತ್ತದೆ. ನನ್ನ ಮೊದಲ ಪ್ರದರ್ಶನದಲ್ಲಿ ಅವರು ಟೇಪು ಹಿಡಿದು ನನ್ನನ್ನೊಮ್ಮೆ, ಬಾಗಿಲ ಬಳಿ ನಿಂತಿದ್ದ ಕಾಲೇಜು ಹುಡುಗಿಯರನ್ನೊಮ್ಮೆ ನೋಡಿ, "ನೋಡೋರು ಇವ್ರೇ ಅಲ್ವಾ?" ಎಂದು ಸ್ವಲ್ಪ ಕೆಳಗಿಳಿಸಿದರು. ಅಂದಿನಿಂದ ನನ್ನ ಪ್ರದರ್ಶನಗಳೆಲ್ಲ 55 ಇಂಚು.

ಎಲ್ಲವೂ ಉಳಿಯಲಿಲ್ಲ. ಬಣ್ಣದ ಕ್ಯಾಟಲಾಗುಗಳು ಬಹುಪಾಲು ಅವರು ಹೇಳಿದ ಹಾಗೆ ಇಟ್ಟಿಗೆಯಾದವು. ಸ್ಲೈಡುಗಳ ಮೇಲ್ಪದರ ಕರಗಿಹೋಯಿತು. ಆದರೆ ನೋಟ್‌ಬುಕ್ಕುಗಳು, ಕರಪತ್ರಗಳು, ಆಹ್ವಾನ ಪತ್ರಿಕೆಗಳು ತಿಂಗಳುಗಟ್ಟಲೆ ಐಸ್‌ಕ್ರೀಂ ಡಬ್ಬಿಗಳ ಪಕ್ಕದಲ್ಲಿದ್ದು, ಕಂತು ಕಂತಾಗಿ ಹೊರಬಂದು, ಬ್ಲಾಟಿಂಗ್ ಪೇಪರಿನ ನಡುವೆ ಫ್ಯಾನಿನ ಗಾಳಿಗೆ ಒಣಗಿದವು. ಆ ಭಾವಮೈದನಿಗೂ ಥ್ಯಾಂಕ್ಸ್. ಒಂದು ಫ್ರೀಜರ್ ಇಡೀ ನಮಗೇ ಬಿಟ್ಟು ದಸರಾ ವ್ಯಾಪಾರ ಕಳೆದುಕೊಂಡರು, ಬಾಡಿಗೆ ಕೊಡಲು ಹೋದರೆ ಕಸಾಟ ತಿನ್ನಿಸಿ ಕಳಿಸಿದರು.

ಬಿಡುಗಡೆ ದಿನ ಪುಸ್ತಕವನ್ನು ಫ್ರೇಮಣ್ಣನ ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖಪುಟದ ಚಿತ್ರವನ್ನು ಬಲಗಡೆ ಒಂದು ಚೂರು ಜಾಸ್ತಿ ಕತ್ತರಿಸಿದ್ದಾರೆ ಎಂದರು. ಮುದ್ರಕರಿಗೆ ತಿಳಿಸಿದ್ದೇನೆ. ಎರಡನೇ ಮುದ್ರಣ ಅಂತ ಒಂದು ಬಂದರೆ ಸರಿಯಾಗುತ್ತದೆ.

ಕೊನೆಗೊಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ 80ರ, 90ರ ದಶಕದ ಕಲಾಪ್ರದರ್ಶನಗಳ ಕ್ಯಾಟಲಾಗು, ಸ್ಲೈಡು, ಆಹ್ವಾನ ಪತ್ರಿಕೆ ಇದ್ದರೆ ಹಳೇ ಪೇಪರಿನವರಿಗೆ ಹಾಕುವ ಮುಂಚೆ ನನಗೊಂದು ಫೋನ್ ಮಾಡಿ. ಕಲಬುರಗಿ, ಧಾರವಾಡ, ದಾವಣಗೆರೆಯವರು ದಯವಿಟ್ಟು ಹುಡುಕಿ. ನಿಮ್ಮ ಕಡೆಯದು ನನ್ನ ಬಳಿ ಮೊದಲೂ ಕಡಿಮೆಯೇ ಇತ್ತು. ಸ್ಕ್ಯಾನ್ ಮಾಡಿ ಹಾಗೇ ವಾಪಸ್ ಕೊಡುತ್ತೇವೆ. ಒದ್ದೆಯಾಗಿದ್ದರೂ ಪರವಾಗಿಲ್ಲ, ಮನೆಯಲ್ಲಿ ಈಗ ದೊಡ್ಡದೊಂದು ಫ್ರೀಜರ್ ಇದೆ.