ಸೋಗಾನೆಯಲ್ಲಿ ಇಳಿದವರಿಗೆ ನಾಲ್ಕೈದು ಗಂಟೆ ಬಿಡುವಿದ್ದರೆ

ಮಾನ್ಯ ಸಂಪಾದಕರೇ,

ಶಿವಮೊಗ್ಗ ಬಳಿಯ ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಹಾರಾಟ ಶುರುವಾಯಿತು. ಅಂದಿನಿಂದ ಶಿವಮೊಗ್ಗದಲ್ಲಿ ನಡುವಿನ ಹೊತ್ತು ಕಳೆಯಬೇಕಾದ ಪ್ರಯಾಣಿಕರು ಹೆಚ್ಚಿದ್ದಾರೆ. ಬೆಳಿಗ್ಗೆ ವಿಮಾನ ಇಳಿದು ರಾತ್ರಿ ರೈಲು ಹತ್ತುವವರಿದ್ದಾರೆ, ತೀರ್ಥಹಳ್ಳಿ-ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೇ ಬಂದು ವಿಮಾನಕ್ಕೆ ಕಾಯುವವರೂ ಇದ್ದಾರೆ. ಇವರಲ್ಲಿ ಹಲವರು ಆ ನಾಲ್ಕೈದು ಗಂಟೆಯನ್ನು ಮೊಬೈಲ್ ನೋಡುತ್ತಾ ಕಳೆಯುತ್ತಾರೆ. ಕೆಲವರು ಜೋಗ ನೋಡಿಬರುತ್ತೇವೆಂದು ಹೊರಟು ಪೇಚಿಗೆ ಸಿಲುಕುತ್ತಾರೆ. ಅಂಥವರಿಗೆ ಉಪಯೋಗವಾಗಲೆಂದು ಈ ಪತ್ರ.

ಮೊದಲು ಜೋಗದ ಆಸೆ ಬಿಡಬೇಕು. ಶಿವಮೊಗ್ಗದಿಂದ ಅದು ನೂರು ಕಿ.ಮೀ. ದೂರ, ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಆಗುಂಬೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದ ಮೇಲೆ ‘ಸಿಗಂದೂರಿಗೆ ಈಗ ಬೇಗ ಹೋಗಿಬರಬಹುದಲ್ಲ’ ಎನ್ನುವವರು ಹೆಚ್ಚಾಗಿದ್ದಾರೆ. ಸೇತುವೆಯಿಂದ ಲಾಂಚಿಗೆ ಕಾಯುವುದು ತಪ್ಪಿದೆ ನಿಜ, ಆದರೆ ಶಿವಮೊಗ್ಗದಿಂದ ಸೇತುವೆಯ ಈಚೆ ತುದಿಯ ಅಂಬಾರಗೋಡ್ಲುವರೆಗಿನ ದಾರಿ ಹಿಂದೆ ಎಷ್ಟಿತ್ತೋ ಅಷ್ಟೇ ಇದೆ.

ಹೊತ್ತಿನ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅದಕ್ಕೂ ಅರ್ಧ ಗಂಟೆ ಮೊದಲು ಬಾಗಿಲಲ್ಲಿ ಇರಬೇಕು. ಪೇಟೆಯಿಂದ ಸೋಗಾನೆಗೆ ಇನ್ನರ್ಧ ಗಂಟೆ ಇಟ್ಟುಕೊಳ್ಳಿ. ಐದು ಗಂಟೆ ಬಿಡುವಿದ್ದರೂ ತಿರುಗಾಟಕ್ಕೆ ಸಿಗುವುದು ಮೂರೇ ಗಂಟೆ. ಇನ್ನೊಂದು ಮಾತು: ಬಿಡುವು ದೊಡ್ಡದಿದ್ದರೆ ಟರ್ಮಿನಲ್ ಒಳಗೆ ಹೋಗಲೇಬೇಡಿ. ಒಮ್ಮೆ ಒಳಹೊಕ್ಕರೆ ಹೊರಗೆ ಬರುವುದು ತಾಪತ್ರಯ.

ಬೆಳಗಿನ ಹೊತ್ತಾದರೆ ನನ್ನ ಆಯ್ಕೆ ಸಕ್ರೆಬೈಲು ಆನೆ ಬಿಡಾರ. ನಗರದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ರಾತ್ರಿ ಕಾಡಿನಲ್ಲಿ ಮೇಯಲು ಬಿಟ್ಟ ಆನೆಗಳನ್ನು ಮಾವುತರು ಮತ್ತು ಅವರ ಸಹಾಯಕರಾದ ಕಾವಾಡಿಗಳು ಬೆಳಿಗ್ಗೆ ಕರೆತಂದು ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮೈ ತಿಕ್ಕಿ ತೊಳೆಯುತ್ತಾರೆ. ಆಮೇಲೆ ಕುಸುರೆ, ಅಂದರೆ ಭತ್ತದ ಹುಲ್ಲಿನ ಸಿವುಡಿನೊಳಗೆ ಭತ್ತ, ಬೆಲ್ಲ, ಕಾಯಿ ಇಟ್ಟು ಸುತ್ತಿ ಕಟ್ಟಿದ ಉಂಡೆ. ಆನೆ ಅದನ್ನು ಸೊಂಡಿಲಿನಿಂದ ಬಾಯಿಗಿಟ್ಟುಕೊಳ್ಳುವುದನ್ನು ಹತ್ತಿರದಿಂದ ನೋಡಿದರೆ ಮಕ್ಕಳಂತೂ ಬಹುಕಾಲ ಮರೆಯುವುದಿಲ್ಲ. ಆದರೆ ಎಂಟೂವರೆಗೆಲ್ಲ ಅಲ್ಲಿರಬೇಕು. ಹನ್ನೊಂದೂವರೆಯ ಹೊತ್ತಿಗೆ ಆನೆಗಳು ಮತ್ತೆ ಕಾಡಿಗೆ ಹೊರಡುತ್ತವೆ, ಮಧ್ಯಾಹ್ನ ಹೋದವರು ಖಾಲಿ ಬಿಡಾರ ನೋಡಿ ಬರಬೇಕಾಗುತ್ತದೆ.

ಹೊತ್ತು ಏರಿದ್ದರೆ ಕೋಟೆ ಪ್ರದೇಶದ ಶಿವಪ್ಪ ನಾಯಕ ಅರಮನೆ ಒಳ್ಳೆಯದು. ಒಂದು ಗಂಟೆ ಸಾಕು. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿರುವ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ-ಚಂದ್ರರು. ಇಷ್ಟು ತಿಳಿದರೆ ಮುಂದೆ ಮಲೆನಾಡಿನ ಯಾವ ಊರಿನ ಕಲ್ಲನ್ನಾದರೂ ಓದಬಹುದು. ಸೋಮವಾರ ಇಲ್ಲಿ ರಜೆ, ಮಂಗಳವಾರ ತ್ಯಾವರೆಕೊಪ್ಪದ ಹುಲಿ-ಸಿಂಹ ಧಾಮಕ್ಕೆ ರಜೆ. ಬಾಡಿಗೆ ಗಾಡಿ ಹತ್ತುವ ಮೊದಲು ವಾರ ನೋಡಿಕೊಳ್ಳಿ.

ಪೇಟೆಯ ಗದ್ದಲ ಬೇಡವೆನ್ನುವವರು ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಹೋಗಲಿ. ಹದಿಮೂರನೇ ಶತಮಾನದ ಹೊಯ್ಸಳರ ತ್ರಿಕೂಟ ಗುಡಿ, ಅಂದರೆ ಮೂರು ಗರ್ಭಗುಡಿಗಳದ್ದು, ನರಸಿಂಹನ ಇಕ್ಕೆಲದಲ್ಲಿ ವೇಣುಗೋಪಾಲ ಮತ್ತು ಪುರುಷೋತ್ತಮ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಬೆಳಿಗ್ಗೆ ಇಲ್ಲವೇ ಸಂಜೆ ಹೋಗಬೇಕು. ತುಂಗೆ-ಭದ್ರೆಯರು ಕೂಡುವ ಕೂಡಲಿಯ ಸಂಗಮಕ್ಕೆ ಆ ತೊಡಕಿಲ್ಲ, ಮಳೆಗಾಲದಲ್ಲಿ ಮಾತ್ರ ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗಬಾರದು.

ಲಗೇಜಿನದು ದೊಡ್ಡ ತಲೆನೋವು. ಒಂದೇ ಟ್ಯಾಕ್ಸಿಯನ್ನು ಇಡೀ ಹೊತ್ತಿಗೆ ಮಾತಾಡಿಕೊಂಡು ಪೆಟ್ಟಿಗೆಯನ್ನು ಡಿಕ್ಕಿಯಲ್ಲೇ ಬಿಡುವುದು ಸುಲಭ. ಎಷ್ಟು ಗಂಟೆ, ಎಷ್ಟು ಕಿ.ಮೀ., ವೇಟಿಂಗ್ ಎಷ್ಟು ಎಂಬುದನ್ನು ಹತ್ತುವ ಮೊದಲೇ ಮಾತಾಡಿ, ಗಾಡಿ ನಂಬರಿನ ಫೋಟೊ ತೆಗೆದುಕೊಳ್ಳಿ. ಒಡವೆ, ಲ್ಯಾಪ್‌ಟಾಪ್ ಕೈಯಲ್ಲೇ ಇರಲಿ.

ಗಾಂಧಿ ಬಜಾರಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಂಡವರು ಅದನ್ನು ಕೈಚೀಲಕ್ಕೆ ಹಾಕಬಾರದು, ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಟ್ಟೆಗಳ ನಡುವೆ ಇಟ್ಟು ಚೆಕ್-ಇನ್ ಪೆಟ್ಟಿಗೆಯಲ್ಲಿ ಕಳಿಸಿ. ಹಿರಿಯರ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ ಇದ್ದರೆ ಅದೂ ಅದೇ ಪೆಟ್ಟಿಗೆಗೆ ಹೋಗಬೇಕು. ಪವರ್ ಬ್ಯಾಂಕ್ ಮಾತ್ರ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು.

ಮಳೆಗಾಲದ ತಗ್ಗಿನ ಮೋಡ, ಚಳಿಗಾಲದ ಬೆಳಗಿನ ಮಂಜು ಇಲ್ಲಿ ವಿಮಾನವನ್ನು ತಡಮಾಡಿಸುತ್ತವೆ. ಬೆಂಗಳೂರಿನಿಂದ ಬಂದ ವಿಮಾನವೇ ತಿರುಗಿ ಹೋಗುವುದಾದರೆ, ಅದು ಅಲ್ಲಿಂದ ಹೊರಟಿದೆಯೇ ಎಂದು ಮೊಬೈಲಿನಲ್ಲಿ ನೋಡಿ. ಹೊರಟಿಲ್ಲವೆಂದರೆ ನಿಮಗೆ ಇನ್ನೂ ಒಂದೂವರೆ ಗಂಟೆಯಾದರೂ ಇದೆ. ಹಾಗೆಂದು ಕಂಪನಿ ಹೊಸ ಸಮಯ ತಿಳಿಸುವ ತನಕ ಚೆಕ್-ಇನ್ ತಡಮಾಡಬೇಡಿ, ಕೌಂಟರ್ ಹಳೆಯ ಸಮಯಕ್ಕೇ ಮುಚ್ಚಬಹುದು. ಇಂಥ ಕಡಿಮೆ ದೂರದ ವಿಮಾನ ಎರಡು ಗಂಟೆಗೂ ಹೆಚ್ಚು ತಡವಾದರೆ ತಿಂಡಿ-ಊಟ ಕೊಡಬೇಕೆಂಬುದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ. ಸಂಕೋಚವಿಲ್ಲದೆ ಕೇಳಿ.

ಜಿಲ್ಲಾಡಳಿತ ಮತ್ತು ಪ್ರವಾಸೋದ್ಯಮ ಇಲಾಖೆಗೆ ನನ್ನ ಮನವಿ ಇಷ್ಟು: ವಿಮಾನ ಇಳಿದವರು ಹೊರಬರುವ ಬಾಗಿಲಲ್ಲೇ ಒಂದು ಕನ್ನಡ ಫಲಕ ಹಾಕಿಸಿ. ಎರಡು ಗಂಟೆ ಇದ್ದರೆ ಎಲ್ಲಿಗೆ, ನಾಲ್ಕು ಗಂಟೆ ಇದ್ದರೆ ಎಲ್ಲಿಗೆ, ಯಾವ ವಾರ ಯಾವುದಕ್ಕೆ ರಜೆ, ಟ್ಯಾಕ್ಸಿ ದರ ಎಷ್ಟು ಎಂಬುದು ಅದರಲ್ಲಿರಲಿ. ಅದರ ಪಕ್ಕದಲ್ಲೇ ಚೀಟಿ ಕೊಟ್ಟು ಚೀಲ ಇಟ್ಟುಕೊಳ್ಳುವ ಒಂದು ಕೋಣೆ, ವಿಮಾನ ಇಳಿಯುವ ಸಮಯಕ್ಕೆ ಸರಿಯಾಗಿ ಬಸ್ ನಿಲ್ದಾಣಕ್ಕೂ ರೈಲು ನಿಲ್ದಾಣಕ್ಕೂ ಹೋಗುವ ಒಂದು ಬಸ್ಸು ಬೇಕು. ವಿಮಾನ ತಡವಾದ ದಿನ ಆ ಬಸ್ಸೂ ಕಾದು ಹೊರಡಬೇಕು.

– ಓದುಗ, ವಿನೋಬನಗರ, ಶಿವಮೊಗ್ಗ